ಹಗ್ಗ ಬಿಟ್ಟ ಹುಡುಗಿ

ಹೋದ ವರ್ಷದ ದೀಪಾವಳಿ ರಜೆ. ಪುಣೆಯ ನಮ್ಮ ಕನ್ನಡ ಬಳಗದವರು ಹೈಸ್ಕೂಲು ಮಕ್ಕಳಿಗೆ ಕೊಂಕಣ ಕರಾವಳಿಯಲ್ಲಿ ಹಾಯಿಹಡಗು ನಡೆಸುವ ಶಿಬಿರ ಏರ್ಪಡಿಸಿದ್ದರು. ನಾನು ಪತ್ರಿಕೆಯೊಂದರಲ್ಲಿ ವರದಿಗಾರ್ತಿಯಾಗಿದ್ದವಳು. ಹೆಣ್ಣುಮಕ್ಕಳ ಜೊತೆಗೆ ಒಬ್ಬರು ಬೇಕು, ಬಳಗದ ಸಂಚಿಕೆಗೆ ವರದಿಯೂ ಆಗುತ್ತದೆ ಎಂದು ನನ್ನನ್ನು ಕರೆದೊಯ್ದರು.

ಹಡಗು ಎರಡು ಕಂಬಗಳ ಹಳೇ ಕಾಲದ ಸ್ಕೂನರ್, ಪೂರಾ ಮರದ್ದು. ಕಲಿಸುವವರು ಕಾರವಾರದ ಕಡೆಯವರು. ಮೊದಲ ಪಾಠದಲ್ಲೇ ಅವರು ಹೇಳಿದರು: “ಗಾಳಿ ಜೋರಾಗಿ ನೂಕಿ ಹಡಗು ವಾಲಿದ್ರೆ ನನ್ನ ಮುಖ ನೋಡ್ತಾ ಕೂರಬೇಡಿ. ಹಾಯಿಯ ಹಗ್ಗ ಬಿಟ್ಟುಬಿಡಿ. ಹಾಯಿಯೊಳಗಿನ ಗಾಳಿ ಖಾಲಿಯಾಗ್ತದೆ, ಹಡಗು ತಾನೇ ಎದ್ದು ನಿಲ್ತದೆ.”

“ಬಿಟ್ಟು ಓಡೋದೇನ್ರಿ ಸರ?” ಎಂದು ಒಬ್ಬ ಹುಡುಗ ಕೇಳಿದ.

“ಎಲ್ಲಿಗೆ ಓಡ್ತಿ, ಅರಬ್‌ ದೇಶಕ್ಕಾ?”

ಮಕ್ಕಳು ನಕ್ಕರು. ವೈಷ್ಣವಿ ಮಾತ್ರ ಆ ಹಗ್ಗವನ್ನು ಗೂಟಕ್ಕೆ ಸುತ್ತುವುದು, ಬಿಡಿಸುವುದು, ಇದನ್ನೇ ಮಾಡುತ್ತಿದ್ದಳು. ಪುಣೆಯಲ್ಲೇ ಇರುವ ಖಡಕಿಯ ಕಾರ್ಖಾನೆ ನೌಕರರೊಬ್ಬರ ಮಗಳು, ಒಂಬತ್ತನೇ ಕ್ಲಾಸು. ಬೇಸಿಗೆಯಲ್ಲಿ ಗೋವಾವರೆಗೆ ಹೋಗುವ ದೊಡ್ಡ ಯಾನಕ್ಕೆ ಶಿಬಿರದಿಂದ ಇಬ್ಬರನ್ನು ಆರಿಸುವುದಿತ್ತು. ವೈಷ್ಣವಿಯ ಹೆಸರು ಹೆಚ್ಚುಕಡಿಮೆ ಖಾಯಂ ಆಗಿತ್ತು.

ಕೊನೆಯ ದಿನ ಬಳಗದ ಕಾರ್ಯದರ್ಶಿಗಳೂ ಹಡಗು ಹತ್ತಿದರು. ಶಿಬಿರದ ಪ್ರಾಯೋಜಕರಿಗೆ ವಿಡಿಯೊ ಬೇಕಿತ್ತು. ಹಾಯಿಯ ಕೆಳಗಿನ ಅಡ್ಡಮರ ತಿರುಗುವ ಜಾಗದಲ್ಲೇ, ಹಡಗಿನ ಅಂಚಿಗೆ, ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇಡಿಸಿದರು. ಕಲಿಸುವವರು ನೋಡಿದರು, ಪಕ್ಕಕ್ಕೆ ಸರಿದು ಜಾಗ ಬಿಟ್ಟರು.

ಸಮುದ್ರಕ್ಕೆ ಚಾಚಿದ ಗುಡ್ಡದ ಮೂಗು ದಾಟುತ್ತಿದ್ದಂತೆ ಗಾಳಿ ಒಮ್ಮೆಲೇ ಬಡಿಯಿತು. ಹಡಗು ಎಷ್ಟು ವಾಲಿತೆಂದರೆ ನೀರು ಒಳಗೆ ನುಗ್ಗಿತು, ಮಕ್ಕಳು ಒಬ್ಬರ ಮೇಲೊಬ್ಬರು ಜಾರಿದರು. ವೈಷ್ಣವಿ ಗೂಟದಿಂದ ಹಗ್ಗ ಬಿಡಿಸಿ ಬಿಟ್ಟಳು. ಹಾಯಿ ಪಟಪಟ ಬಡಿದುಕೊಂಡಿತು, ಅಡ್ಡಮರ ಹೊರಗೆ ಬೀಸಿತು, ಹಡಗು ನೆಟ್ಟಗಾಯಿತು. ಅಡ್ಡಮರ ತಗುಲಿ ಕ್ಯಾಮೆರಾ ಸಮುದ್ರಕ್ಕೆ ಬಿತ್ತು.

“ಏ ಹುಡುಗಿ, ಕೈಯಾಗ ಕಸುವಿಲ್ಲೇನು?” ಕಾರ್ಯದರ್ಶಿಗಳು ಕೂಗಿದರು. “ಒಂದು ಹಗ್ಗ ಹಿಡಿಯಾಕ ಆಗದಾಕಿ ಗೋವಾಕ್ಕ ಏನು ಹೋಗ್ತಿ? ಮನ್ಯಾಗ ಜೋಕಾಲಿ ಆಡು!”

“ಇವರು ಕಲಿಸಿದ್ದನ್ನೇ ಮಾಡ್ಯಾಳ್ರಿ,” ಎಂದೆ, ಕಲಿಸುವವರತ್ತ ಕೈ ತೋರಿಸಿ. “ಬೇಕಾದ್ರ ಇವರನ್ನ ಕೇಳ್ರಿ.”

ಕಲಿಸುವವರು ಸಮುದ್ರದ ಕಡೆ ನೋಡುತ್ತ, “ಕ್ಯಾಮೆರಾ ಇತ್ತಲ್ಲ ಮೇಡಂ, ಸ್ವಲ್ಪ ನೋಡ್ಕೊಂಡು ಬಿಡಬಹುದಿತ್ತು,” ಎಂದರು.

ಕೊನೆಯ ದಿನವೆಂದು ಪುಣೆಯಿಂದ ಬಂದಿದ್ದ ಪಾಲಕರು ದಡದಲ್ಲಿ ಕಾಯುತ್ತಿದ್ದರು. ನಾನು ನಡೆದದ್ದನ್ನು ನಡೆದ ಹಾಗೆ ಎಲ್ಲರೆದುರು ಹೇಳಿದೆ. “ಹೋಗ್ಲಿ ಬಿಡ್ರಿ ಮೇಡಂ, ಸಣ್ಣ ವಿಷಯ ಯಾಕ ಬೆಳಸ್ತೀರಿ?” ಎಂದರು. ಯಾರ ಮಕ್ಕಳು ಒದ್ದೆ ಬಟ್ಟೆಯಲ್ಲಿ ನಡುಗುತ್ತಿದ್ದರೋ ಅವರೇ! ವೈಷ್ಣವಿಯ ಅಪ್ಪ ಮಗಳ ಹೆಗಲ ಮೇಲೆ ಕೈಯಿಟ್ಟು, “ತಪ್ಪಾತು ಅನ್ನವಾ, ದೊಡ್ಡವರದಾರ,” ಎಂದರು. ಆಕೆ ಅಂದಳು. ಆದರೂ ಗೋವಾ ಯಾನಕ್ಕೆ ಕಾರ್ಯದರ್ಶಿಗಳು ಬೇರೆ ಇಬ್ಬರ ಹೆಸರು ಓದಿದರು.

ಎಲ್ಲರೂ ವಾಪಸು ಬರುವಾಗ ಬಸ್ಸಿನಲ್ಲಿ ಆಕೆ ಅಪ್ಪನ ಪಕ್ಕದಿಂದ ಎದ್ದು ನನ್ನ ಪಕ್ಕ ಬಂದು ಕುಳಿತಳು. ಪುಣೆಯ ಸ್ವಾರಗೇಟ್ ಬಸ್ ನಿಲ್ದಾಣದ ಹತ್ತಿರ ಬಂದಾಗ ಮೆಲ್ಲಗೆ ಕೇಳಿದಳು: “ಕಾಕೂ, ಇನ್ನೊಮ್ಮೆ ಹಂಗ ಆದ್ರ ಹಿಡ್ಕೊಂಡೇ ಇರಬೇಕೇನ್ರಿ?”

“ಬಿಡಬೇಕು,” ಎಂದೆ. “ಯಾರು ಏನಂದ್ರೂ ಬಿಡಬೇಕು.” ತಲೆಯಾಡಿಸಿದಳು. ನಂಬಿದಂತೆ ಕಾಣಲಿಲ್ಲ. ಆಕೆ ಕ್ಷಮೆ ಕೇಳಿದ್ದಕ್ಕಿಂತ ಈ ಪ್ರಶ್ನೆಗೆ ನನಗೆ ಹೆಚ್ಚು ಸಿಟ್ಟು ಬಂತು, ಇಂದಿಗೂ ಬರುತ್ತದೆ. ಸರಿಯಾಗಿ ಕಲಿತ ಒಂದು ಮಗುವಿಗೆ ನಾವು ದೊಡ್ಡವರೆಲ್ಲ ಸೇರಿ ಒಂದೇ ಸಂಜೆಯಲ್ಲಿ ಅನುಮಾನ ಕಲಿಸಿ ಕಳಿಸಿದ್ದೆವು.

ನನ್ನ ವರದಿಯಲ್ಲಿ ಇಷ್ಟನ್ನೂ ಬರೆದಿದ್ದೆ. ಬಳಗದ ಸಂಚಿಕೆಯಲ್ಲಿ ಅಚ್ಚಾದದ್ದು ಸೂರ್ಯಾಸ್ತದ ವರ್ಣನೆ ಮಾತ್ರ. ಹಾಗಾಗಿ ಇಲ್ಲಿ ದಾಖಲಿಸುತ್ತಿದ್ದೇನೆ: ಅಂದು ಆ ಹಡಗಿನಲ್ಲಿದ್ದ ಎಲ್ಲ ಮಕ್ಕಳೂ ಮನೆ ಸೇರಿದ್ದು ವೈಷ್ಣವಿ ಹಗ್ಗ ಬಿಟ್ಟದ್ದರಿಂದ.