ಈ ಮನೆ ಆಗಿಬಂತಾ?

ಸೋಮವಾರ ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದಾಗ ಬ್ರೋಕರ್ ಫೋನ್ ಮಾಡಿದ. ಬರುವ ಭಾನುವಾರವೇ ಮನೆ ತೋರಿಸಿಬಿಡೋಣ ಎಂದ. ಅದರ ಮುಂದಿನ ವಾರ ಮಿಡ್‌ಸಮ್ಮರ್ ಹಬ್ಬ, ಆಮೇಲೆ ಇಡೀ ಸ್ವೀಡನ್ ಬಾಗಿಲು ಹಾಕಿಕೊಂಡು ರಜಕ್ಕೆ ಹೋಗುತ್ತದೆ, ಆಗಸ್ಟ್‌ವರೆಗೆ ಒಂದು ನೊಣವೂ ಮನೆ ನೋಡಲು ಬರುವುದಿಲ್ಲ ಎಂಬುದು ಅವನ ವಾದ. ನನ್ನ ಗಂಡನನ್ನು ಆಗಲೇ ಕೇಳಿದ್ದಾನಂತೆ, ಅವರು ಒಪ್ಪಿದ್ದಾರಂತೆ. ಅವರಿಗೇನು, ಒಪ್ಪುತ್ತಾರೆ. ಸಮುದ್ರದ ಮೇಲಿನ ಸೇತುವೆಯ ಆ ಕಡೆ, ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಕೂತು ‘ಓಕೆ’ ಎಂದು ಮೆಸೇಜ್ ಹಾಕುವುದಕ್ಕೆ ಪೊರಕೆಯೂ ಬೇಡ, ಬಕೆಟ್ಟೂ ಬೇಡ.

ವರ್ಷಗಟ್ಟಲೆ ಅವರು ನಮ್ಮ ಈ ಮಾಲ್ಮೋದಿಂದ ರೈಲು ಹತ್ತಿ ಆ ಸೇತುವೆ ದಾಟಿ ಕೆಲಸಕ್ಕೆ ಹೋಗಿ ಸಂಜೆ ವಾಪಸು ಬರುತ್ತಿದ್ದರು. ಹೋದ ಚಳಿಗಾಲದಲ್ಲಿ ಒಂದು ಸಂಜೆ ಬರಲಿಲ್ಲ. ಜಗಳವಿಲ್ಲ, ರಂಪವಿಲ್ಲ. “ನಂಗೆ ಸ್ವಲ್ಪ ದಿನ ಇಲ್ಲೇ ಇರ್ಬೇಕು ಅನ್ಸುತ್ತೆ” ಎಂದರು ಫೋನಿನಲ್ಲಿ. ಆ ಸ್ವಲ್ಪ ದಿನ ಬೆಳೆದು ಅಲ್ಲೊಂದು ಬಾಡಿಗೆ ಮನೆಯಾಯಿತು, ಬಾಡಿಗೆ ಮನೆ ಬೆಳೆದು ವಿಚ್ಛೇದನವಾಯಿತು. ಇನ್ನು ಉಳಿದಿದ್ದು ಈ ಮನೆ ಮಾರುವುದು.

ಇಲ್ಲಿನ ಕನ್ನಡದವರಿಗೆ ನಾನು ಈ ವಿಷಯ ಹೇಳಿರಲಿಲ್ಲ. ಯುಗಾದಿ ಊಟಕ್ಕೆ ಒಬ್ಬಳೇ ಹೋದಾಗ “ಅವ್ರಿಗೆ ಕೆಲಸ ಜಾಸ್ತಿ” ಎಂದೆ. ಸ್ವೀಡಿಷ್ ಸಹೋದ್ಯೋಗಿಗಳಿಗೆ ಫಿಕಾ ಹೊತ್ತಿನಲ್ಲಿ ಕಾಫಿ ಕುಡಿಯುತ್ತ ಸಲೀಸಾಗಿ ಹೇಳಿದವಳು ನಾನೇ. ಅವರ ಭಾಷೆಯಲ್ಲಿ ಅದು ಬರೀ ಸುದ್ದಿ. ನಮ್ಮ ಭಾಷೆಯಲ್ಲಿ ಹೇಳಿದರೆ ನನಗೆ ಅಳು ಬರುತ್ತದೆ ಎಂದು ಹೆದರಿಕೆ. ಅಷ್ಟೇ ಕಾರಣ, ದೊಡ್ಡದೇನೂ ಇಲ್ಲ.

ಮಂಗಳವಾರ ಬ್ರೋಕರ್ ಬಂದ. ಚೂಪು ಮೂತಿಯ ಬೂಟು ಬಾಗಿಲಲ್ಲಿ ಬಿಟ್ಟು ಬರೀ ಕಾಲುಚೀಲದಲ್ಲಿ ಮನೆಯೆಲ್ಲ ಸುತ್ತಿದ. ಗೋಡೆಯ ಫೋಟೋಗಳು, ಫ್ರಿಜ್ಜಿನ ಮ್ಯಾಗ್ನೆಟ್ಟುಗಳು, ಸೋಫಾದ ಮೇಲಿನ ಹಳೇ ಸೀರೆಯ ಕೌದಿ, ಸ್ಟೀಲ್ ಡಬ್ಬಿಗಳ ಸಾಲು, ಎಲ್ಲದಕ್ಕೂ ಬೆರಳು ತೋರಿಸುತ್ತ “ಇದು ಹೋಗಬೇಕು, ಇದೂ ಹೋಗಬೇಕು” ಎನ್ನುತ್ತ ಬಂದ. ಅಡುಗೆಮನೆಯ ಮೂಲೆಯ ಕಪಾಟು ತೆರೆದವನು ಚಾಚಿದ ಬೆರಳು ಮಡಚಿಕೊಂಡ. ಅದು ನನ್ನ ದೇವರ ಗೂಡು. ಪಾಪ, ಮೆಲ್ಲಗೆ ಮುಚ್ಚಿದ. “ಇದು ಬಹಳ ಚೆನ್ನಾಗಿದೆ, ಆದರೆ ಇದೂ” ಎಂದ.

“ಮನೆ ನೋಡಲು ಬಂದವರಿಗೆ ಇಲ್ಲಿ ಯಾರೋ ಇದ್ದಾರೆ ಅನ್ನಿಸಬಾರದು. ಇಲ್ಲಿ ನಾವು ಇರಬಹುದು ಅನ್ನಿಸಬೇಕು” ಎಂದು ವಿವರಿಸಿದ.

ಇಲ್ಲಿ ಯಾರೋ ಇದ್ದಾರೆ ಎಂದು ಚಳಿಗಾಲದಿಂದ ನನಗೇ ಅನ್ನಿಸುತ್ತಿಲ್ಲ ಮಾರಾಯಾ ಎಂದು ಬಾಯಿಗೆ ಬಂದಿದ್ದನ್ನು ನುಂಗಿಕೊಂಡೆ. ಹೊರಡುವಾಗ ಇನ್ನೊಂದು ಹೇಳಿದ: ಭಾನುವಾರದವರೆಗೆ ಮನೆಯಲ್ಲಿ ಮಸಾಲೆಯ ವಾಸನೆ ಬರಬಾರದು. ಒಗ್ಗರಣೆ ಬೇಡ ಎಂದು ಅರ್ಥ. ಹಾಗಾಗಿ ಆ ವಾರವೆಲ್ಲ ನಾನು ಬಾಣಂತಿಯೂ ಮುಟ್ಟದಂಥ ಸಪ್ಪೆ ಮೊಸರನ್ನ ತಿಂದೆ, ಅದೂ ನಿಂತುಕೊಂಡು. ಕುರ್ಚಿಗಳನ್ನು ಅದಾಗಲೇ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನಮ್ಮ ಸಾಮಾನಿಗೆಂದಿದ್ದ ಜಾಲರಿ ಕೋಣೆಗೆ ಸಾಗಿಸಿದ್ದೆ.

ಬುಧವಾರ ಒಲೆ ಉಜ್ಜಿದೆ. ಗಾಜಿನ ಕರೆಂಟ್ ಒಲೆ. ಎಡಗಡೆ ಮುಂದಿನ ಉರಿಯ ಸುತ್ತ ಒಂದು ಕಂದು ಬಳೆ ಇದೆ, ಏನು ಮಾಡಿದರೂ ಹೋಗುವುದಿಲ್ಲ. ಅದು ಗೃಹಪ್ರವೇಶದ ದಿನ ಉಕ್ಕಿದ ಹಾಲು. ಅವತ್ತು ಹಾಲು ಗಾಜಿನ ಮೇಲೆ ಚೆಲ್ಲಿ, ಸೀದು, ಹೊಗೆಯೆದ್ದು ಸ್ಮೋಕ್ ಅಲಾರ್ಮ್ ಕಿರುಚಿಕೊಂಡಿತ್ತು. ನನ್ನ ಗಂಡ ಹೊಸ ಪಂಚೆ ಎತ್ತಿ ಕಟ್ಟಿಕೊಂಡು ಸ್ಟೂಲ್ ಹತ್ತಿ ಟವೆಲ್ ಬೀಸಿದ್ದೇ ಬೀಸಿದ್ದು. “ಏ, ಹಾಲಿನ ಕಡೆ ನೋಡೇ, ನನ್ನ ಯಾಕೆ ನೋಡ್ತೀಯಾ!” ಎಂದು ಅಲ್ಲಿಂದಲೇ ಕೂಗಿದ್ದರು. ನಾನು ನಗುತ್ತ ಒಲೆ ಆರಿಸುವುದನ್ನೇ ಮರೆತಿದ್ದೆ. ಪಕ್ಕದ ಮನೆಯವರು ಬಂದು ಬೆಲ್ ಮಾಡಿದರು, ಅವರಿಗೂ ಸಕ್ಕರೆ ಹಾಕಿ ಹಾಲು ಕೊಟ್ಟೆವು. ಬುಧವಾರ ಆ ಬಳೆಯನ್ನು ಬ್ಲೇಡಿನಿಂದ ಕೆರೆದೆ, ನಿಂಬೆಹಣ್ಣು ಉಜ್ಜಿದೆ, ಆಮೇಲೆ ಸಿಟ್ಟು ಬಂದು ಅತ್ತೆ. ಕಲೆ ಹೋಗಲಿಲ್ಲ. ಅದರ ಮೇಲೆ ಒಂದು ಮರದ ಹಲಗೆ ಇಟ್ಟು, ಹಲಗೆಯ ಮೇಲೆ ಬ್ರೋಕರ್ ಹೇಳಿದಂತೆ ಒಂದು ತುಳಸಿಯಂಥ ಗಿಡ ಇಟ್ಟೆ.

ಗುರುವಾರ ಬ್ರೋಕರ್ ಕಳಿಸಿದ ಮನೆ ಸಿಂಗರಿಸುವವಳು ವ್ಯಾನಿನಲ್ಲಿ ದಿಂಬು, ದೀಪ, ಹೂದಾನಿ ಹೇರಿಕೊಂಡು ಬಂದಳು. ನಾವು ಬಟ್ಟೆ ಒಣಹಾಕಲು ಇಟ್ಟುಕೊಂಡಿದ್ದ ಸಣ್ಣ ಕೋಣೆಯನ್ನು ಖಾಲಿ ಮಾಡಿಸಿ ಅಲ್ಲೊಂದು ಬಿಳೀ ತೊಟ್ಟಿಲ ಮಂಚ ಜೋಡಿಸಿದಳು. ಒಳಗೊಂದು ಬಟ್ಟೆಯ ಕರಡಿ ಕೂರಿಸಿದಳು. ಮೂರು ಕೋಣೆಯ ಮನೆಗೆ ಎಳೆಯ ಸಂಸಾರಗಳೇ ಬರುವುದು ಎಂದಳು. ಆ ಕೋಣೆಗೆ ತೊಟ್ಟಿಲು ಬರಲಿ ಎಂದು ನಾವು ಎಷ್ಟು ಆಸ್ಪತ್ರೆ ತಿರುಗಿದ್ದೆವು ಎಂದು ಅವಳಿಗೆ ಹೇಗೆ ಗೊತ್ತಾಗಬೇಕು? ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿ ಹೋದಳು. ನಾನು ಆ ಬಾಗಿಲು ಎಳೆದುಕೊಂಡೆ.

ಸಂಜೆಯೊಳಗೆ ಬ್ರೋಕರ್ ತೆಗೆಸಿದ ಮನೆಯ ಫೋಟೋಗಳು ಇಂಟರ್ನೆಟ್ಟಿಗೆ ಏರಿದವು. ಮಾರಾಟದ ಮನೆಗಳನ್ನು ನೋಡುವುದು ಈ ದೇಶದವರಿಗೆ ಹವ್ಯಾಸ. ನಮ್ಮವರು ಬಂದ ಎರಡೇ ವರ್ಷಕ್ಕೆ ಅದನ್ನು ಕಲಿತುಬಿಡುತ್ತಾರೆ. ಮೊದಲ ಫೋನ್ ಯುಗಾದಿ ಊಟ ಹಾಕಿದವರದ್ದೇ.

“ಏನ್ರೀ, ನಮ್ಗೆಲ್ಲ ಹೇಳ್ದೇ ಮನೆ ಮಾರ್ತಿದೀರಾ! ವಿಲ್ಲಾ ತಗೊಂಡ್ರಾ?”

“ಹೂಂ... ನೋಡ್ತಿದೀವಿ.”

“ಯಾವ ಏರಿಯಾ?”

“ಇನ್ನೂ ಫಿಕ್ಸ್ ಆಗಿಲ್ಲ.”

ಒಂದು ಸುಳ್ಳಿಗೆ ಹತ್ತು ಸುಳ್ಳು ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ. ಫೋನಿನ ಮೇಲೆ ಫೋನ್ ಬಂದು ಶನಿವಾರದ ಹೊತ್ತಿಗೆ ನನ್ನ ಇಲ್ಲದ ವಿಲ್ಲಾಕ್ಕೆ ತೋಟವೂ ಬಂದಿತ್ತು, ಸೇಬಿನ ಮರವೂ ಬಂದಿತ್ತು. ಕೊನೆಯ ಫೋನ್ ಇಟ್ಟ ಮೇಲೆ ಆ ಪರರ ದಿಂಬುಗಳ ನಡುವೆ ಎಲ್ಲಿ ಕೂರಬೇಕೆಂದು ತಿಳಿಯದೆ ನೆಲದ ಮೇಲೆ ಕೂತೆ. ಅವರು ಬಿಟ್ಟುಹೋದ ದಿನವೂ ಅಷ್ಟು ಒಂಟಿ ಅನ್ನಿಸಿರಲಿಲ್ಲ.

ಭಾನುವಾರ ಬಾಗಿಲು ತೆರೆದಿಡುವ ಹೊತ್ತಿಗೆ ಮನೆಯೊಡೆಯರು ಅಲ್ಲಿರಬಾರದು, ಎಲ್ಲಾದರೂ ಸುತ್ತಾಡಿಕೊಂಡು ಬರಬೇಕು. ನಾನು ದೇವರನ್ನು ಜೋಳಿಗೆಯಲ್ಲಿ ಹಾಕಿಕೊಂಡು ಹೊರಟೆ. ಉಳಿದದ್ದನ್ನೆಲ್ಲ ನೆಲಮಾಳಿಗೆಗೆ ಹಾಕಿದ್ದೆ. ಆದರೆ ಹಳೇ ಟೈರುಗಳ ಪಕ್ಕ ಗಣಪತಿಯನ್ನು ಕೂರಿಸಲು ಮನಸ್ಸು ಬರಲಿಲ್ಲ. ಸಮುದ್ರದ ಕಡೆ ಹೋಗೋಣವೆಂದು ಹೊರಟವಳು ಅಂಗಳದ ಬೆಂಚಿನವರೆಗೆ ಹೋಗಿ ಅಲ್ಲೇ ಕೂತುಬಿಟ್ಟೆ. ಜನ ಒಳಗೆ ಹೋದರು, ಹೊರಗೆ ಬಂದರು. ನನ್ನ ಕಿಟಕಿಯಲ್ಲಿ ಯಾರೋ ನಿಂತು ಆಕಾಶ ನೋಡಿದರು.

ಅಷ್ಟರಲ್ಲಿ ಒಂದು ಗಂಡ ಹೆಂಡತಿಯ ಜೋಡಿ ಹೊರಗೆ ಬಂತು. ಹುಡುಗಿ ತುಂಬಿದ ಬಸುರಿ. ಬೆಂಚಿನ ಹತ್ತಿರ ನಿಂತು ಫೋನಿನಲ್ಲಿ ಮಾತಾಡುತ್ತಿದ್ದಳು. “ಇಲ್ಲಮ್ಮ, ಬ್ರೋಕರ್‌ನ ಕೇಳ್ದೆ. ಅವನಿಗೆ ಅರ್ಥಾನೇ ಆಗ್ಲಿಲ್ಲ. ಪೈಪೆಲ್ಲ ಹೊಸದು, ಕಿಟಕಿ ಹೊಸದು ಅಂದ. ನಾನ್ ಕೇಳಿದ್ದು ಏನು, ಅವನು ಹೇಳಿದ್ದು ಏನು!” ಫೋನ್ ಇಟ್ಟು ಉಸ್ಸೆಂದು ನನ್ನ ಪಕ್ಕ ಕೂತಳು.

ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಮಾರುವವಳು ಕೊಳ್ಳುವವರ ಜೊತೆ ಮಾತಾಡಬಾರದೆಂದು ಬ್ರೋಕರ್ ಎಚ್ಚರಿಸಿದ್ದ. ಆದರೆ ಸುಳ್ಳು ಹೇಳುವುದಕ್ಕಲ್ಲದೆ ಬೇರೆ ಯಾವುದಕ್ಕೂ ವಾರದಿಂದ ಕನ್ನಡ ಆಡಿರಲಿಲ್ಲ ನಾನು. “ಕನ್ನಡದೋರಾ?” ಎಂದುಬಿಟ್ಟೆ.

“ಅಯ್ಯೋ ಆಂಟಿ! ನೀವೂ ಮನೆ ನೋಡೋಕ್ ಬಂದ್ರಾ?” ಅವಳ ಮುಖ ಅರಳಿತು. ಆಂಟಿ ಅಂತೆ. ಹೋಗಲಿ. ಅವರಿಬ್ಬರೂ ಯೋನ್‌ಶೋಪಿಂಗ್ ಎಂಬ ಊರಿನಲ್ಲಿ ಇದ್ದವರು, ಗಂಡನಿಗೆ ಮಾಲ್ಮೋದಲ್ಲಿ ಕೆಲಸ ಸಿಕ್ಕಿದೆ, ಹೆರಿಗೆಗೆ ಮೊದಲು ಮನೆ ಬೇಕು. ಒಂದೇ ಉಸಿರಿನಲ್ಲಿ ಹೇಳಿದಳು. “ಆ ಚಿಕ್ಕ ರೂಮ್ ನೋಡಿದ್ರಾ ಆಂಟಿ? ತೊಟ್ಟಿಲು ಎಷ್ಟು ಮುದ್ದಾಗಿದೆ! ಇದ್ದೋರು ನಮ್ಮ ಕಡೆಯವರೇ ಅನ್ಸುತ್ತೆ, ಹೊಸ್ತಿಲ ಸಂದೀಲಿ ಅರಿಶಿನ ಇತ್ತು. ಅದಕ್ಕೇ ಅಮ್ಮ ಪಟ್ಟು ಹಿಡಿದಿರೋದು. ಅಷ್ಟು ಒಳ್ಳೇ ಮನೆ ಯಾಕ್ ಮಾರ್ತಾರೆ, ಅವರಿಗೆ ಆಗಿಬಂತಾ ಇಲ್ವಾ ಕೇಳ್ದೆ ಕೈ ಹಾಕ್ಬೇಡ ಅಂತ.”

“ಬಿಡೇ, ಅದೆಲ್ಲ ಯಾರು ನೋಡ್ತಾರೆ ಈಗ” ಎಂದ ಗಂಡ. ಆದರೆ ಅವನೂ ಉತ್ತರಕ್ಕೆ ಕಾದವನಂತೆ ನನ್ನನ್ನೇ ನೋಡಿದ.

ಕೊಳ್ಳುವಾಗ ನಾವು ಹಾಗೆ ಕೇಳಿರಲಿಲ್ಲ. ನನ್ನನ್ನೂ ಯಾರೂ ಕೇಳಿರಲಿಲ್ಲ. ವಿಲ್ಲಾ ಎಲ್ಲಿ ಎಂದು ಕೇಳಿದ್ದರು, ಎಷ್ಟಕ್ಕೆ ಎಂದು ಕೇಳಿದ್ದರು. ಈ ಹುಡುಗಿ ಕೇಳಿದ್ದೇ ನನ್ನ ಎದೆಯೊಳಗಿನ ಪ್ರಶ್ನೆ. ಆಗಿಬಂತು ಅಂದರೆ ಮನೆ ಮಾರಾಟವಾಗುತ್ತದೆ, ನನ್ನ ಗುಟ್ಟೂ ಉಳಿಯುತ್ತದೆ. ಅವಳ ಹೊಟ್ಟೆ ನೋಡಿದೆ. ಸುಳ್ಳು ನಾಲಿಗೆಯ ತುದಿಗೆ ಬಂದು ನಿಂತಿತು, ಮುಂದೆ ಬರಲಿಲ್ಲ.

“ಮನೆ ನಂದೇ ಕಣಮ್ಮ” ಎಂದೆ. “ನಮ್ಮೋರು ಬಿಟ್ಟು ಹೋದ್ರು. ಅದಕ್ಕೇ ಮಾರ್ತಿರೋದು. ಆ ತೊಟ್ಟಿಲು ನಂದಲ್ಲ, ಬಾಡಿಗೇದು. ನಮ್ಗೆ ಮಕ್ಕಳಿಲ್ಲ.”

ಅವಳ ಕೈ ಬಾಯಿಗೆ ಹೋಯಿತು. ನಾನು ಅಂದುಕೊಂಡ ಹಾಗೇ ಅಳು ಬಂತು, ಬಂದರೂ ಮಾತು ನಿಲ್ಲಲಿಲ್ಲ. “ಆದ್ರೆ ಮನೆ ಪಾಪ ಏನು ಮಾಡೀತು? ಎಂಥಾ ಚಳಿಗೂ ಬೆಚ್ಚಗಿರುತ್ತೆ. ಅಡುಗೆಮನೇಗೆ ಬೆಳಗಿನ ಬಿಸಿಲು ಬರುತ್ತೆ. ತುಂಬ ದಿನ ನಾವು ಚೆನ್ನಾಗೇ ಇದ್ವಿ ಇಲ್ಲಿ. ನಿಮ್ಮಮ್ಮಂಗೆ ಏನು ಹೇಳ್ತೀಯೋ ಹೇಳು.”

ಗಂಡ ಅವಳ ಮೊಣಕೈ ಹಿಡಿದು ಎಬ್ಬಿಸಿದ. “ಬರ್ತೀವಿ ಆಂಟಿ” ಎಂದು ಹೋದರು. ಹೋಯಿತು ಒಂದು ಗಿರಾಕಿ ಎಂದುಕೊಂಡೆ. ಜನರೆಲ್ಲ ಹೋದ ಮೇಲೆ ಒಳಗೆ ಹೋಗಿ ದೇವರನ್ನು ಗೂಡಿಗೆ ಸೇರಿಸಿ, ಗಿಡ ಎತ್ತಿಟ್ಟು, ಇಂಗಿನ ಒಗ್ಗರಣೆ ಹಾಕಿ ಸಾರು ಮಾಡಿದೆ. ಮನೆ ಘಮ್ಮೆಂದಿತು. ಯುಗಾದಿ ಊಟದವರು ಮತ್ತೆ ಫೋನ್ ಮಾಡಿದಾಗ ಅವರಿಗೂ ನಿಜ ಹೇಳಿದೆ. “ಓ... ಹೌದಾ... ಆಮೇಲ್ ಮಾಡ್ತೀನಿ” ಎಂದರು. ಆ ಆಮೇಲೆ ಇನ್ನೂ ಬಂದಿಲ್ಲ. ಬೇರೆಯವರ ಫೋನುಗಳೂ ಒಂದೊಂದಾಗಿ ನಿಂತವು. ಯಾವುದಕ್ಕೆ ಅಷ್ಟು ಹೆದರಿದ್ದೆನೋ, ಅದು ಬಂದದ್ದು ಇಷ್ಟು ಸದ್ದಿಲ್ಲದೆ.

ಮನೆ ಮಾತ್ರ ಆ ಹುಡುಗಿಯೇ ಕೊಂಡಳು.

ಕೀ ಕೊಡುವ ದಿನ ಖಾಲಿ ಅಡುಗೆಮನೆಯಲ್ಲಿ ನಾನು, ಇನ್ನೂ ಹೆರಿಗೆಯಾಗದ ಆ ಹುಡುಗಿ, ಅವಳ ಗಂಡ, ಮೂವರೇ. ನನ್ನ ಗಂಡ ತಮ್ಮ ಕೀಯನ್ನು ಲಕೋಟೆಯಲ್ಲಿ ಹಾಕಿ ಪೋಸ್ಟ್ ಮಾಡಿದ್ದರು. ಹುಡುಗಿ ಒಲೆಯ ಮೇಲಿನ ಕಂದು ಬಳೆ ಮುಟ್ಟಿ, “ಇಲ್ಲೇ ಹಾಲುಕ್ಕಿಸಿದ್ರಾ ಆಂಟಿ?” ಎಂದಳು.

“ಹೂಂ. ಅದೇ ಬೇಗ ಕಾಯೋದು.”

“ಶುಕ್ರವಾರ ನಾವೂ ಉಕ್ಕಿಸ್ತಿದೀವಿ. ನೀವೂ...” ಎಂದವಳು ತಡೆದಳು. ಗಂಡನನ್ನು ನೋಡಿದಳು, ನೆಲ ನೋಡಿದಳು. “ಅಮ್ಮ ಬರ್ತಿದಾರೆ ಊರಿಂದ. ಅವರಿಗೆ... ಮನೆ ಮಾರಿದೋರಿಗೆ ತುಂಬ ಆಗಿಬಂದಿದೆಯಂತೆ, ಗಂಡ ಹೆಂಡ್ತಿ ಇನ್ನೂ ದೊಡ್ಡ ಮನೆಗೆ ಹೋಗ್ತಿದಾರೆ ಅಂತ ಹೇಳ್ಬಿಟ್ಟಿದೀನಿ.”

ನನ್ನ ವಿಲ್ಲಾ ನನ್ನನ್ನು ಹುಡುಕಿಕೊಂಡು ಬಂದಿತ್ತು. ನಾನು ಬಂದರೆ ಆ ತಾಯಿ ನಿಮ್ಮ ಯಜಮಾನರೆಲ್ಲಿ ಎಂದು ಕೇಳದೆ ಇರುತ್ತಾರೆಯೇ?

“ಶುಕ್ರವಾರ ನಂಗೆ ಆಫೀಸಲ್ಲಿ ಮೀಟಿಂಗ್ ಇದೆ ಕಣಮ್ಮ” ಎಂದೆ.

“ಹೌದಾ ಆಂಟಿ” ಎಂದಳು. ಅವಳ ಮುಖ ಹಗುರಾಯಿತು. ಒಳ್ಳೆಯ ಹುಡುಗಿ, ಅದನ್ನು ಮುಚ್ಚಿಡಲು ಅವಳಿಗೆ ಬರಲಿಲ್ಲ. ನಾನು ಎರಡೂ ಕೀ ಅವಳ ಅಂಗೈಯಲ್ಲಿಟ್ಟೆ, ಜೋಳಿಗೆ ಹೆಗಲಿಗೇರಿಸಿ ಹೊಸ್ತಿಲು ದಾಟಿದೆ. ಆಮೇಲೆ ನೆನಪಾಗಿ ತಿರುಗಿದೆ.

“ನೋಡು, ಹಾಲು ಉಕ್ಕಿದ ತಕ್ಷಣ ಅಲಾರ್ಮ್ ಕೂಗ್ಕೊಳ್ಳುತ್ತೆ, ಗಾಬರಿಯಾಗ್ಬೇಡಿ. ಒಬ್ಬರು ಸ್ಟೂಲ್ ಹತ್ತಿ ಟವೆಲ್ ಬೀಸ್ಬೇಕು, ಇನ್ನೊಬ್ಬರು ಒಲೆ ಆರಿಸ್ಬೇಕು. ಒಬ್ರೇ ಮಾಡೋಕಾಗಲ್ಲ. ಇಬ್ರೂ ಇರಿ.”