ಗುಂಡಿಯಕ್ಕನ ಎದೆ ಪರೀಕ್ಷೆಗೆ ಹೋದದ್ದು

ಗುಂಡಿಯಕ್ಕನ ನಿಜವಾದ ಹೆಸರು ಊರಿಗೆ ಮರೆತೇಹೋಗಿತ್ತು. ಬಸ್ಸು ಇನ್ನು ಮುಂದೆ ದಾರಿಯಿಲ್ಲವೆಂದು ತಿರುಗಿಕೊಳ್ಳುವ ಊರು ಅದು. ಅಲ್ಲಿನ ಸಣ್ಣ ಆಸ್ಪತ್ರೆಯ ಎದುರು ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದಳು. ಇಂಜೆಕ್ಷನ್‌ಗೆ ಹೆದರಿ ಕೊಸರಾಡಿದ ಮಕ್ಕಳನ್ನು ಕರೆದು ಕೂರಿಸಿ, ಅವರ ಅಂಗಿಯಿಂದ ಕಿತ್ತುಬಂದ ಗುಂಡಿಗಳನ್ನು ಹೊಲಿದುಕೊಡುತ್ತಿದ್ದಳು. ಹೆಸರು ಹಾಗೆ ಅಂಟಿಕೊಂಡಿತು.

ಚಿಕ್ಕಂದಿನ ಜ್ವರವೊಂದು ಅವಳ ಹೃದಯದ ಕವಾಟವನ್ನು ಕೆಡಿಸಿ ಹೋಗಿತ್ತು. ಕಿವಿಯಿಟ್ಟರೆ ಪ್ರತಿ ಬಡಿತದ ಹಿಂದೆ ಸುಯ್ ಎಂಬ ಸದ್ದು. ಒಂದು ದಿನ ಹಿರಿ ಡಾಕ್ಟರು ಕೇಳಿದರು:

"ಗುಂಡಿಯಕ್ಕಾ, ಪಟ್ಟಣದ ಕಾಲೇಜಿಂದ ನನ್ನ ಹತ್ರ ಕಲಿಯೋಕೆ ಹುಡುಗ್ರು ಬರ್ತಾರೆ. ನಿನ್ನ ಎದೆ ಸದ್ದು ಅವರಿಗೆ ಕೇಳಿಸ್ಬಹುದಾ?"

"ಕೇಳಲಿ ಬಿಡಿ. ನಮ್ಮೆಜಮಾನ್ರಂತೂ ನನ್ನ ಮಾತು ಒಂದು ದಿನಾನೂ ಕೇಳ್ದೆ ಹೋದ್ರು. ಎದೆನಾದ್ರೂ ಯಾರಾದ್ರೂ ಕೇಳಲಿ."

ಹಿರಿ ಡಾಕ್ಟರು ಕಲಿಸುವ ರೀತಿಯೇ ಬೇರೆ. ರೋಗಿಯ ಮುಂದೆ ನಿಂತು ಮಾತಾಡುವ ಹಾಗಿಲ್ಲ, ಕೂರಬೇಕು. ಏನಾದರೂ ತಿಂದಿರಾ, ಹೇಗೆ ಬಂದಿರಿ, ನಿದ್ದೆ ಬಂತಾ ಎಂದು ವಿಚಾರಿಸಿದ ಮೇಲೆಯೇ ಸ್ಟೆತಸ್ಕೋಪು. ಅದರ ತಣ್ಣನೆಯ ಬಿಲ್ಲೆಯನ್ನು ಮೊದಲು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಬೇಕು. ಮರೆತವರ ಅಂಗಿಯನ್ನು ಹಿಂದಿನಿಂದ ಎತ್ತಿ ಅದೇ ಬಿಲ್ಲೆಯನ್ನು ಅವರ ಬೆನ್ನಿಗೇ ಒತ್ತುತ್ತಿದ್ದರು. ಅವರು ಹೌಹಾರುವುದನ್ನು ನೋಡಿ ಗುಂಡಿಯಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಕಲಿಯಲು ಬಂದವರೆಲ್ಲ ಕಲಿತರು, ಹೋದರು. ಉಳಿಯುತ್ತೇನೆ ಎಂದವಳು ಒಬ್ಬಳೇ. ಅವಳನ್ನು ಊರು ಆಗಲೇ ಕಿರಿ ಡಾಕ್ಟರ್ ಎಂದು ಕರೆಯತೊಡಗಿತ್ತು. ಹಿರಿ ಡಾಕ್ಟರ ಸೊಂಟ ಕೈಕೊಟ್ಟಿತ್ತು. ಕೊನೆಯ ಪರೀಕ್ಷೆಯಲ್ಲಿ ಅವಳು ಪಾಸಾದ ದಿನವೇ ಕುರ್ಚಿ ಅವಳಿಗೆ ಬಿಟ್ಟುಕೊಡಲು ಕಾಯುತ್ತಿದ್ದರು. ಅವಳು ಬಾರದಿದ್ದರೆ ಆ ಕುರ್ಚಿಗೆ ಬೇರೆ ಯಾರೂ ಬರುವವರಿರಲಿಲ್ಲ.

ಆ ಪರೀಕ್ಷೆಗೆ ನಿಜವಾದ ರೋಗಿಗಳು ಬೇಕು. ಕಾಲೇಜಿನಿಂದ ಗುಂಡಿಯಕ್ಕನಿಗೂ ಕರೆ ಬಂತು. ಆ ಹೊತ್ತಿಗೆ ಅವಳಿಗೆ ಮಲಗಿದರೆ ಉಸಿರು ಕಟ್ಟುತ್ತಿತ್ತು. ಗೋಡೆಗೆ ಒರಗಿ ಕೂತೇ ನಿದ್ದೆ. ಚಪ್ಪಲಿಯ ಪಟ್ಟಿ ಪಾದಕ್ಕೆ ಬಿಗಿಯಾಗಿತ್ತು. ಹೇಳಿದರೆ ಹಿರಿ ಡಾಕ್ಟರು ಎಲ್ಲಿ ಬೇಡ ಎನ್ನುತ್ತಾರೋ ಎಂದು ತುಟಿ ಪಿಟಕ್ಕೆನ್ನದೆ ಬಸ್ಸು ಹತ್ತಿದಳು.

ಪಟ್ಟಣದಲ್ಲಿ ಅವಳನ್ನು ಪರದೆಯ ಹಿಂದೆ ಮಂಚದ ಮೇಲೆ ಕೂರಿಸಿದರು. ಒಂದು ಲೋಟ ನೀರು ಬೇಕಾ ಎಂದು ಕೇಳಿದವರಿಲ್ಲ. ಪರೀಕ್ಷಕರು ಬಂದು ಎದೆ ಕೇಳಿ, ಪಕ್ಕದವರಿಗೆ, "ನಾಲ್ಕನೇ ಮಂಚದ ಹೃದಯ ತುಂಬಾ ಚೆನ್ನಾಗಿದೆ," ಎಂದರು.

"ಚೆನ್ನಾಗಿದ್ರೆ ನಾನ್ಯಾಕೆ ಸ್ವಾಮಿ ಇಲ್ಲಿಗೆ ಬರ್ತಿದ್ದೆ?" ಎಂದಳು. ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಪರೀಕ್ಷೆ ಬರೆಯುವ ಹುಡುಗರು ಒಬ್ಬೊಬ್ಬರೇ ಬಂದು ಮಂಜುಗಡ್ಡೆಯಂಥ ಬಿಲ್ಲೆ ಒತ್ತಿ, ಕವಾಟದ ಹೆಸರು ಒದರಿ ಹೋದರು. ಆಮೇಲೆ ಪರದೆ ಸರಿಸಿ ಬಂದವಳು ಕಿರಿ ಡಾಕ್ಟರ್.

"ಸರ್, ಇವರು ನಮ್ಮೂರಿನವರು. ನಂಗೆ ಗೊತ್ತಿರೋರು. ಬೇರೆ ರೋಗೀನ ಕೊಡಿ."

"ಬೇರೆ ಹೃದಯ ಎಲ್ಲಿಂದ ತರಲಿ? ಶುರು ಮಾಡಮ್ಮ."

ಕವಾಟದ ಹೆಸರು ಅವಳಿಗೆ ಬಾಯಿಪಾಠ. ಆದರೆ ಗೊತ್ತಿದ್ದದ್ದನ್ನೇ ಇವತ್ತು ಕಂಡುಹಿಡಿದೆ ಅನ್ನುವುದು ಕದ್ದ ಹಾಗಲ್ಲವೇ? ಸ್ಟೂಲ್ ಎಳೆದು ಕೂತಳು. ಬಿಲ್ಲೆ ಉಜ್ಜುತ್ತಲೇ ಕೇಳಿದಳು: "ಏನಾದ್ರೂ ತಿಂದ್ರಾ ಅಕ್ಕಾ? ನಿದ್ದೆ ಬಂತಾ?"

ಅಷ್ಟು ಕೇಳಿದ್ದೇ ತಡ, ಗುಂಡಿಯಕ್ಕ ಬಾಯಿ ಬಿಟ್ಟಳು. ಗೋಡೆಗೆ ಒರಗಿ ಮಲಗುವುದು, ಚಪ್ಪಲಿ ಬಿಗಿಯಾದದ್ದು, ಎಲ್ಲ ಹೊರಗೆ ಬಂತು. ಹುಡುಗಿ ಪಾದ ಒತ್ತಿ ನೋಡಿದಳು. ಬೆರಳಿಟ್ಟಲ್ಲಿ ಕುಳಿ ಬಿತ್ತು. ಬೆನ್ನಿಗೆ ಬಿಲ್ಲೆಯಿಟ್ಟು ಕೇಳಿದಳು.

"ಸರ್, ಶ್ವಾಸಕೋಶದಲ್ಲಿ ನೀರು ತುಂಬ್ತಿದೆ. ಇವತ್ತೇ ಔಷಧಿ ಕೊಡ್ಬೇಕು."

"ನಾನು ಕೇಳಿದ್ದು ಕವಾಟ ಯಾವುದು ಅಂತ."

ಸಮಯ ಮುಗಿದ ಗಂಟೆ ಹೊಡೆಯಿತು. ಕವಾಟದ ಹೆಸರು ಹೇಳದ ಹುಡುಗಿ ಫೇಲು.

ಗುಂಡಿಯಕ್ಕನ ಪಿತ್ತ ನೆತ್ತಿಗೇರಿತು. "ಅಲ್ಲ ಸ್ವಾಮಿ, ಅವ್ಳು ಹೇಳಿದ್ದು ಸುಳ್ಳಾ?"

"ಸುಳ್ಳಲ್ಲಮ್ಮ. ಆದರೆ ನೀವು ಇಲ್ಲಿಗೆ ಬಂದಿರೋದು ಪರೀಕ್ಷೆಗೆ. ಚಿಕಿತ್ಸೆ ಬೇಕಿದ್ರೆ ಹೊರಗೆ ಚೀಟಿ ಮಾಡಿಸಿ, ಮುಂದಿನ ವಾರ ಬನ್ನಿ."

ಮುಂದಿನ ವಾರ! ಎದೆಯಲ್ಲಿ ನೀರು ತುಂಬಿದವಳಿಗೆ! ಅಂಗಿಯ ಗುಂಡಿ ಹಾಕಿಕೊಂಡು ಮಂಚದಿಂದ ಇಳಿದೇಬಿಟ್ಟಳು. "ಇನ್ನೂ ಇಬ್ಬರು ಬಾಕಿ ಇದ್ದಾರಮ್ಮಾ!" ಎಂದು ಅವರು ಕೂಗಿದರು. "ಅವರಿಗೆ ನಿಮ್ಮ ಎದೇನೇ ತೋರಿಸಿ," ಎಂದು ಹೊರಟಳು. ಕಿರಿ ಡಾಕ್ಟರೇ ಕೈಹಿಡಿದು ಊರಿಗೆ ಕರೆತಂದಳು. ಹಿರಿ ಡಾಕ್ಟರು ಬೈಯುತ್ತಲೇ ಔಷಧಿ ಕೊಟ್ಟರು. ನೀರು ಇಳಿಯಿತು.

ಕೋಪ ಮಾತ್ರ ಇಳಿಯಲಿಲ್ಲ. ಮುಂದಿನ ಪರೀಕ್ಷೆಗೆ ಆರು ತಿಂಗಳು. ಪಾಸಾಗದೆ ಹುಡುಗಿ ಒಬ್ಬಳೇ ರೋಗಿ ನೋಡುವ ಹಾಗಿಲ್ಲ. ಹಾಗಾಗಿ ಹಿರಿ ಡಾಕ್ಟರು ಕೋಲೂರಿಕೊಂಡು, ಹಲ್ಲು ಕಚ್ಚಿ, ಮನೆಮನೆಗೆ ಹೋಗುವುದನ್ನು ಗುಂಡಿಯಕ್ಕ ಮೆಷಿನ್ ಮುಂದೆ ಕೂತು ನೋಡಬೇಕಾಯಿತು. ನೋಡುತ್ತ ನೋಡುತ್ತ ತನಗೊಂದು ಹೊಸ ಅಂಗಿ ಹೊಲಿದುಕೊಂಡಳು. ಕುತ್ತಿಗೆಯಿಂದ ಸೊಂಟದವರೆಗೆ ಒತ್ತೊತ್ತಾಗಿ ಗುಂಡಿ.

ಎರಡನೆಯ ಸಲ ಕರೆ ಬಂದಾಗ ಹಿರಿ ಡಾಕ್ಟರು, "ಬೇಡ ಬಿಡಕ್ಕ," ಎಂದರು. "ಯಾಕೆ ಬೇಡ?" ಎಂದು ಹೊರಟಳು.

ಅವತ್ತು ಕಿರಿ ಡಾಕ್ಟರಿಗೆ ಬೇರೆ ರೋಗಿ ಸಿಕ್ಕಿದ. ಪಾಸಾಗಿ ಕಣ್ಣೊರೆಸುತ್ತ ಓಡಿ ಬಂದು ಹೇಳಿದಳು. ಆದರೂ ಗುಂಡಿಯಕ್ಕ ಮಂಚ ಬಿಟ್ಟು ಏಳಲಿಲ್ಲ. ಅಲ್ಲಿ ಹುಡುಗನೊಬ್ಬ ಬಿಲ್ಲೆ ಹಿಡಿದು ಬೆವರುತ್ತಿದ್ದ. ಅದೇ ಪರೀಕ್ಷಕರು ಗಡಿಯಾರ ನೋಡುತ್ತಿದ್ದರು.

"ಅಮ್ಮಾ, ಗುಂಡಿ ಬಿಚ್ಚಿ. ಇವನ ಸಮಯ ಹೋಗ್ತಿದೆ."

"ನಮ್ಮೂರಿನ ಆರು ತಿಂಗಳು ಹೋಯ್ತಲ್ಲ, ಅದಕ್ಕೇನ್ ಹೇಳ್ತೀರಿ? ಈ ಮಗು ಇನ್ನೂ ಕೇಳ್ಬೇಕಾದ್ದು ಕೇಳಿಲ್ಲ."

"ಏನು ಕೇಳ್ಬೇಕು?"

"ನೀವು ಕಲಿಸಿದ್ರೆ ತಾನೇ ಅವನಿಗೆ ಗೊತ್ತಾಗೋದು? ಕೂತ್ಕೊಳ್ಳಿ, ತೋರಿಸ್ಕೊಡಿ."

ಪರೀಕ್ಷಕರು ಸುತ್ತ ನೋಡಿದರು. ಪರದೆಗಳ ಸಂದಿಯಿಂದ ತಲೆಗಳು ಇಣುಕುತ್ತಿದ್ದವು. ಸ್ಟೂಲ್ ಎಳೆದು ಕೂತರು.

"ಏನಮ್ಮಾ... ಏನಾದರೂ ತಿಂದ್ರಾ?"

"ಇಲ್ಲ. ಬೆಳಗ್ಗೆಯಿಂದ ಕೂರಿಸಿದೀರಿ. ಹೋದ ಸಲಾನೂ ಹೀಗೇ."

ಹಾಗೆ ಹೇಳಿ ಗುಂಡಿಯಕ್ಕ ಒಂದೇ ಒಂದು ಗುಂಡಿ ಬಿಚ್ಚಿದಳು, ಕುತ್ತಿಗೆಯ ಹತ್ತಿರದ್ದು. ಉಳಿದವುಗಳ ಮೇಲೆ ಕೈಯಿಟ್ಟುಕೊಂಡು, ಅವರ ಮುಂದಿನ ಪ್ರಶ್ನೆಗೆ ಕಾದು ಕೂತಳು.