ಆನಂದತೀರ್ಥರ ಚುಕ್ಕೆಗಳ ನಕಾಶೆ

ಗಂಡ ನಕಾಶೆ ತಂದರೆಂದರೆ ಮನೆ ಬದಲಾಯಿತೆಂದೇ ಅರ್ಥ. ಇದು ಲಂಡನ್ನಿನ ಹ್ಯಾರೋ ಬಡಾವಣೆಯ ವಿಶಾಲಾಕ್ಷಿ ಮದುವೆಯಾದಂದಿನಿಂದ ಕಲಿತ ಪಾಠ. ಡಾಕ್ಟರ್ ಆನಂದತೀರ್ಥರು ಧಾರವಾಡದಲ್ಲಿ ಇಂಗ್ಲೆಂಡಿನ ನಕಾಶೆ ಕೊಂಡರು, ಹೆಂಡತಿಗೆ ಹೇಳಿದ್ದು ಆಮೇಲೆ. ಲೀಡ್ಸಿಗೂ ಹಾಗೆಯೇ, ಲಂಡನ್ನಿಗೂ ಹಾಗೆಯೇ. ಪ್ರತಿ ಸಲವೂ ಅವಳು ಪಾತ್ರೆಪಡಗ ಕಟ್ಟಿಕೊಂಡು ತೆಪ್ಪಗೆ ಹೊರಟಿದ್ದಳು. ಇನ್ನು ನನ್ನ ಹೆಣ ಹೋಗುವುದಾದರೂ ಈ ಮನೆಯಿಂದಲೇ, ಮತ್ತೊಮ್ಮೆ ಗಂಟು ಕಟ್ಟುವವಳು ನಾನಲ್ಲ ಎಂದು ಹ್ಯಾರೋಗೆ ಬಂದಮೇಲೆ ನಿರ್ಧರಿಸಿಬಿಟ್ಟಿದ್ದಳು.

೧೯೯೬ರ ಸೆಪ್ಟೆಂಬರಿನಲ್ಲಿ ಗಂಡನ ಬ್ಯಾಗಿನಲ್ಲಿ ಒಂದು ತಿರುಗುವ ರಟ್ಟಿನ ತಟ್ಟೆ ಸಿಕ್ಕಿತು. ದಕ್ಷಿಣ ಗೋಳಾರ್ಧದ ನಕ್ಷತ್ರಗಳ ನಕಾಶೆ. ಸಿಡ್ನಿಯವರಿಗೆ ಬೇಕಾದೀತು, ಹ್ಯಾರೋದವರಿಗೆ ಏನು ಸುಡುಗಾಡು? ಗಂಡನ ಗೆಳೆಯ ಡಾಕ್ಟರ್ ವಾಸು ಆಸ್ಟ್ರೇಲಿಯಾ ಸೇರಿ ಇನ್ನೂ ವರ್ಷವಾಗಿರಲಿಲ್ಲ. ವಿಶಾಲಾಕ್ಷಿ ತಟ್ಟೆಯನ್ನು ಗಂಡನ ಮುಂದೆ ಹಿಡಿದಳು.

“ಏನ್ರೀ ಇದು?”

“ಸುಮ್ನ ತಂದೀನಿ.”

ಸುಮ್ಮನೆಯಂತೆ! ಸುಮ್ಮನೆ ಒಂದು ಛತ್ರಿಯನ್ನಾದರೂ ಕೊಂಡ ಮನುಷ್ಯರೇ ಅವರು? ಶನಿವಾರ ಮಧ್ಯಾಹ್ನ “ವಾರ್ಡಿಗೆ ಹೋಗಿ ಬರ್ತೀನಿ” ಎಂದು ತಟ್ಟೆಯ ಸಮೇತ ಅವರು ಹೊರಟಾಗ ಅವಳೂ ಕೋಟು ತೊಟ್ಟು ಬೆನ್ನು ಹತ್ತಿದಳು. ಟ್ಯೂಬ್ ರೈಲಿನಲ್ಲಿ ಪಕ್ಕದ ಡಬ್ಬಿ ಏರಿದಳು. ಬೇಕರ್ ಸ್ಟ್ರೀಟಿನಲ್ಲಿ ಇಳಿದ ಗಂಡ ನೆಟ್ಟಗೆ ತಾರಾಲಯ ಹೊಕ್ಕರು. ಎಂಥಾ ಸುಳ್ಳುಗಾರ! ಯಾರನ್ನು ಕಾಣುತ್ತಾರೋ ನೋಡಿಯೇಬಿಡೋಣ ಎಂದು ಹಿಂದಿನ ಸಾಲಿನಲ್ಲಿ ಹಲ್ಲು ಕಚ್ಚಿ ಕೂತಳು.

ದೀಪ ಆರಿತು. ಗುಮ್ಮಟದ ಮೇಲೆ ದಕ್ಷಿಣದ ಆಕಾಶ ಮೂಡಿತು, ಅದರಲ್ಲೊಂದು ದೊಡ್ಡ ಚುಕ್ಕೆ ಹೊಳೆಯಿತು. ಆನಂದತೀರ್ಥರು ಅದನ್ನು ಕೈಯಲ್ಲಿದ್ದ ತಟ್ಟೆಯೊಡನೆ ಹೋಲಿಸಿ ಎದ್ದು ನಿಂತು, ಬಾಟಲಿಯಿಂದ ಅಂಗೈಗೆ ನೀರು ಹಾಕಿಕೊಂಡು ಕಾಗದದ ಲೋಟಕ್ಕೆ ಬಿಡತೊಡಗಿದರು. ಅಗಸ್ತ್ಯ ನಕ್ಷತ್ರಕ್ಕೆ ಅರ್ಘ್ಯ! ಭಾದ್ರಪದ ಬಂತೆಂದರೆ ಮಾವನವರು ಧಾರವಾಡದ ಮಾಳಿಗೆಯ ಮೇಲೆ ತಪ್ಪದೆ ಕೊಡುತ್ತಿದ್ದರು. ಲಂಡನ್ನಿನಲ್ಲಿ ಆ ನಕ್ಷತ್ರ ಹುಟ್ಟುವುದೇ ಇಲ್ಲ.

“ಇಷ್ಟಕ್ಕ ಸುಳ್ಳು ಯಾಕ ಹೇಳಬೇಕ್ರೀ? ಆಸ್ಟ್ರೇಲಿಯಾ ಅಂತ ನಾ ಜೀವಾ ಕೈಯಾಗ ಹಿಡಕೊಂಡಿದ್ದೆ!” ಅವಳು ಹಿಂದಿನಿಂದ ಪಿಸುದನಿಯಲ್ಲೇ ಗದರಿದಳು.

ಅವರು ಬೆಚ್ಚಿಬಿದ್ದರು. “ಅಲ್ಲಿ ಕೆಲಸ ಸಿಕ್ಕಿತ್ತು, ವಿಶಾಲೂ. ಅಗಸ್ತ್ಯ ಅಂಗಳದಾಗ ನಿಂತ್ರ ಕಾಣತಾನಂತ. ಆದ್ರ ನೀ ಮತ್ತ ಗಂಟು ಕಟ್ಟಬೇಕಾಗತದಲ್ಲ, ಒಲ್ಲೆ ಅಂದೆ. ಅದಕ್ಕ ಇಲ್ಲಿ ಬಂದೆ.”

ಯಾವಾಗಲೂ ಅವಳನ್ನು ಕೇಳದೆ ಹೊರಡುತ್ತಿದ್ದವರು ಈ ಸಲ ಅವಳನ್ನು ಕೇಳದೆಯೇ ಉಳಿದುಬಿಟ್ಟಿದ್ದರು. ವಿಶಾಲಾಕ್ಷಿಗೆ ಸಿಟ್ಟೂ ಬಂತು, ಅಳುವೂ ಬಂತು.

“ಕೊಡ್ರಿ ಇಲ್ಲೆ. ತಮ್ಮ ಕೈಗೆ ತಾವೇ ನೀರು ಹಾಕ್ಕೊಂಡು ಅರ್ಘ್ಯ ಕೊಡ್ತಾರೇನು?” ಎಂದು ಬಾಟಲಿ ಕಸಿದುಕೊಂಡು ಅವರ ಬೊಗಸೆಗೆ ಸುರಿದಳು.

ಮನೆಗೆ ಬಂದವಳೇ ಆ ತಟ್ಟೆಯನ್ನು ತನ್ನ ಸೀರೆಗಳ ಬೀರುವಿನಲ್ಲಿಟ್ಟು ಬೀಗ ಹಾಕಿದಳು.

“ಮುಂದಿನ ಭಾದ್ರಪದಕ್ಕ ನಾನೇ ತಗದು ಕೊಡ್ತೀನಿ,” ಎಂದಳು.